ಕೈ ಮೇಲೆತ್ತುವ ತಾಲೀಮು

ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ಎದುರಿಗೆ ತಂಗಿ ನಿಂತಿದ್ದಳು. ನಾಸಿಕದ ಅಂಬಡ್‌ನ ನನ್ನ ಬಾಡಿಗೆ ಕೋಣೆಯಲ್ಲಿ ಇಬ್ಬರು ಎದುರುಬದುರು ನಿಲ್ಲುವುದಕ್ಕೆ ಅಷ್ಟೇ ಜಾಗ. ಉಳಿದದ್ದನ್ನೆಲ್ಲ ಗ್ಯಾಸ್ ಒಲೆ, ನೀರಿನ ಡ್ರಮ್ಮು, ಹಳೇ ಸೀರೆ ಕಟ್ಟಿ ಮಾಡಿದ ಕೂಸಿನ ಜೋಳಿಗೆ ಹಂಚಿಕೊಂಡಿದ್ದವು.

"ಕೈ ಮ್ಯಾಲ ಎತ್ತು" ಎಂದೆ.

ಎತ್ತಿದಳು. ಬಲಗೈ ಪೂರಾ ಎದ್ದಿತು. ಎಡಗೈ ಹೆಗಲಿನ ತನಕ ಬಂದು ನಿಂತುಬಿಟ್ಟಿತು. ನಾನು ಲಟ್ಟಣಿಗೆಯನ್ನು ಅವಳ ಭುಜದ ಹತ್ತಿರ ತಂದೆ, ಅಷ್ಟೇ. ಮೊಣಕಾಲು ಮಡಚಿ ಧೊಪ್ಪನೆ ನೆಲಕ್ಕೆ ಕುಕ್ಕರಿಸಿದಳು. ತಲೆಯನ್ನು ಎರಡೂ ಕೈಯೊಳಗೆ ಹುದುಗಿಸಿ, ಮುಖವನ್ನು ತೊಡೆಗೆ ಒತ್ತಿಕೊಂಡಳು.

"ಏಳs. ನಾನದೀನಿ, ಅವ ಅಲ್ಲ."

"ಗೊತ್ತದಕ್ಕ" ಎಂದಳು, ನೆಲದ ಮೇಲಿಂದಲೇ. "ನನಗ ಗೊತ್ತದ. ಮೈಗೆ ಗೊತ್ತಿಲ್ಲ."

ನಾವು ತಾಲೀಮು ಮಾಡುತ್ತಿದ್ದದ್ದು ವಿಮಾನ ನಿಲ್ದಾಣದ ತಪಾಸಣೆಗೆ. ಲಟ್ಟಣಿಗೆ ಅಂದರೆ ಅಲ್ಲಿಯವರು ಮೈಮೇಲೆ ಆಡಿಸುವ ಕುಯ್‌ಗುಟ್ಟುವ ಕೋಲು, ನಾನು ಅಂದರೆ ಖಾಕಿ ಹಾಕಿದ ಹೆಂಗಸು. ಅವಳು ಕೈ ಎತ್ತಿ, ಸುಮ್ಮನೆ ನಿಂತು, ತಪಾಸಣೆ ಮಾಡಿಸಿಕೊಂಡು ದಾಟಬೇಕು. ನೋಡಿದರೆ ಇಷ್ಟೇ ಕೆಲಸ. ಕುಸಿದು ಕೂತರೆ ಸಂಶಯ ಬರುತ್ತದೆ, ಸಂಶಯ ಬಂದರೆ ಕೂರಿಸಿ ವಿಚಾರಣೆ ಮಾಡುತ್ತಾರೆ, ಅಷ್ಟರಲ್ಲಿ ವಿಮಾನ ಹೋಗುತ್ತದೆ. ವಿಮಾನ ಹೋದರೆ ಗಂಡನ ಕೈಗೆ ಸಿಗುತ್ತಾಳೆ. ಅವನ ಕೈಗೆ ಸಿಕ್ಕರೆ ಈ ಸಲ ಸಾಯುತ್ತಾಳೆ. ಇದನ್ನು ನಾನು ಅಂಜಿಸಲಿಕ್ಕೆ ಹೇಳುತ್ತಿಲ್ಲ. ಅವನೇ ನನ್ನ ಬಾಗಿಲಲ್ಲಿ ನಿಂತು ಹಾಗೆ ಹೇಳಿ ಹೋಗಿದ್ದ.

ತಂಗಿಯ ಗಂಡ ಮುಕಾದಮ. ನಮ್ಮ ಸೇಡಂ, ಚಿತ್ತಾಪುರ ಕಡೆಯ ಹಳ್ಳಿಗಳಿಂದ ಕೂಲಿ ಮಂದಿಯನ್ನು ಕೂಡಿಸಿ ನಾಸಿಕದ ಬಿಲ್ಡಿಂಗ್ ಸೈಟುಗಳಿಗೆ ತಂದು ಬಿಡುವವನು. ನಾಸಿಕದಲ್ಲಿ ನಮ್ಮ ಕಡೆಯ ಮಂದಿ ಎಷ್ಟಿದ್ದಾರೋ ಅಷ್ಟೂ ಜನರ ಅನ್ನ ಅವನ ಕೈಯಲ್ಲಿತ್ತು. ಹೊರಗೆ ಅವನ ಬಾಯಲ್ಲಿ ಬರೀ ಸಕ್ಕರೆ. ಹಿರಿಯರಿಗೆ ರೀ ಹಚ್ಚದೆ ಮಾತಾಡುತ್ತಿರಲಿಲ್ಲ. ನಮ್ಮವ್ವನಂತೂ ಅಳಿಯನ ಹೆಸರು ಹೇಳಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಅವನು ಹೊಡೆಯುವ ರೀತಿಯನ್ನು ಹೇಳಲೇಬೇಕು. ಹೇಳದಿದ್ದರೆ ಕೇಳಿದವರು ಗಂಡಹೆಂಡಿರ ಜಗಳ, ಒಂದೆರಡು ಏಟು ಅಂದುಕೊಳ್ಳುತ್ತಾರೆ. ಮೊದಲು ಚಿಲಕ ಹಾಕುತ್ತಿದ್ದ. ಆಮೇಲೆ ಕೈಗಡಿಯಾರ ಬಿಚ್ಚಿ, ಒರೆಸಿ, ದೇವರ ಮಾಡದ ಪಕ್ಕದಲ್ಲಿ ಇಡುತ್ತಿದ್ದ. ಗಾಜು ಒಡೆಯಬಾರದಲ್ಲ. ತಂಗಿಗೆ ಗಡಿಯಾರದ ಕೊಂಡಿ ಬಿಚ್ಚಿದ ಸಪ್ಪಳ ಕೇಳಿದರೆ ಸಾಕು, ಅವಳೇ ಹೋಗಿ ಮೂಲೆಯಲ್ಲಿ ಕೂತು ತಲೆ ಮುಚ್ಚಿಕೊಳ್ಳುತ್ತಿದ್ದಳು. ಬಾಯಲ್ಲಿ ಬಟ್ಟೆ ಕಚ್ಚಿಕೊಳ್ಳುತ್ತಿದ್ದಳು, ಪಕ್ಕದವರಿಗೆ ಕೇಳಬಾರದೆಂದು. ಮರ್ಯಾದೆ ನೋಡಿ! ಹೊಡೆಸಿಕೊಳ್ಳುವವಳು ಮರ್ಯಾದೆ ಕಾಯಬೇಕು.

ಚೊಚ್ಚಲ ಹೆರಿಗೆಗೂ ತವರಿಗೆ ಕಳಿಸಲಿಲ್ಲ. ನಾಸಿಕದಲ್ಲೇ ಹೆತ್ತಳು. ಕೂಸಿಗೆ ಇನ್ನೂ ಹೊಕ್ಕುಳ ಆರಿರಲಿಲ್ಲ, ಅವ್ವನಿಗೆ ಕದ್ದು ಫೋನ್ ಮಾಡಿ "ನನ್ನ ಕರಕೊಂಡು ಹೋಗು" ಎಂದಿದ್ದಾಳೆ. ಅದು ಅವನ ಕಿವಿಗೆ ಬಿತ್ತು. ಆ ದಿನ ಸೈಟಿನಿಂದ ಕಬ್ಬಿಣದ ಸರಳು ತಂದಿದ್ದ. ಫೋನ್ ಹಿಡಿದದ್ದು ಯಾವ ಕೈ ಎಂದು ಕೇಳಿ, ಆ ಕೈಗೇ ಹೊಡೆದ. ಬಾಣಂತಿಗೆ. ಎದೆಯಲ್ಲಿ ಹಾಲು ಸುರಿಯುತ್ತಿದ್ದ ಹೆಣ್ಣಿಗೆ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಟಕಟ ಅನ್ನುತ್ತಿವೆ.

ಆ ಮುರಿದ ಕೈಯಲ್ಲೇ ಕೂಸನ್ನು ಸೆರಗಿಗೆ ಕಟ್ಟಿಕೊಂಡು, ರಿಕ್ಷಾ ಹತ್ತಿ ನನ್ನ ಕೋಣೆಗೆ ಬಂದಳು. ಮರುದಿನ ಅವನೂ ಬಂದ. ಬಾಗಿಲು ಒದ್ದ ಹೊಡೆತಕ್ಕೆ ಕೊಂಡಿ ಕಿತ್ತು ಬಂತು. ನಾನು ರೊಟ್ಟಿ ಬೇಯಿಸುತ್ತಿದ್ದೆ. ಒಲೆ ಮೇಲಿದ್ದ ಹಂಚನ್ನು ಹಾಗೇ ಎತ್ತಿ ಅವನ ಮುಖಕ್ಕೆ ಬೀಸಿದೆ. ಕಿವಿ ಮತ್ತು ಕೆನ್ನೆ ಚುರ್ ಅಂದವು, ಕೂದಲು ಸುಟ್ಟ ನಾತ ಬಂತು. ಅವನು ಕೊಟ್ಟ ಗುದ್ದಿಗೆ ನನ್ನ ಮುಂದಿನ ಹಲ್ಲು ಅರ್ಧ ಮುರಿದು ನಾಲಿಗೆ ಮೇಲೆ ಬಿತ್ತು. ನಾನು ಅದನ್ನು ಅವನ ಮೇಲೇ ಉಗಿದೆ. ಅಷ್ಟರಲ್ಲಿ ಚಾಳಿನ ಗಂಡಸರು ಸೇರಿದರು ಅಂತ ಹಿಂದೆ ಸರಿದ.

"ಅಮಾಸಿ ಕಳೀಲಿ" ಎಂದ, ಕೆನ್ನೆ ಹಿಡಿದುಕೊಂಡು. "ಅಮಾಸಿ ಕಳದ ಮ್ಯಾಲ ಮಂದೀನ ಕರಕೊಂಡು ಬರ್ತೀನಿ. ಕೂಸಿನ ಒಯ್ತೀನಿ, ಇಕಿನ್ನ ಇಲ್ಲೇ ಹುಗೀತೀನಿ."

ಅಮಾವಾಸ್ಯೆಯೊಳಗೆ ಅವನು ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ, ಪಾಯ ತೋಡುವುದಾಗಲಿ, ಹೆಂಡತಿಯನ್ನು ಹುಗಿಯುವುದಾಗಲಿ. ನಮಗೆ ಸಿಕ್ಕ ಪುರುಸೊತ್ತು ಅಷ್ಟೇ. ಠಾಣೆಗೆ ಹೋದೆವು. ಅವನು ನಮಗಿಂತ ಮೊದಲೇ ಅಲ್ಲಿ ಕುರ್ಚಿ ಮೇಲೆ ಕೂತು, ಸುಟ್ಟ ಕೆನ್ನೆ ತೋರಿಸುತ್ತ ಚಹಾ ಕುಡಿಯುತ್ತಿದ್ದ. ಹೊರಗಿಂದಲೇ ತಿರುಗಿ ಬಂದೆವು.

ತವರಿಗೆ ಕಳಿಸಬೇಕು. ಅಲ್ಲಿ ನಮ್ಮ ಸೋದರಮಾವಂದಿರಿದ್ದಾರೆ, ಕೈ, ಕೊಡಲಿ ಎರಡೂ ಗಟ್ಟಿ ಇರುವವರು. ಆದರೆ ಕಳಿಸುವುದು ಹೇಗೆ? ರೈಲಿನಲ್ಲಿ ಕೂತರೆ ಡಬ್ಬಿಯ ತುಂಬ ನಮ್ಮ ಕಡೆಯ ಮಂದಿ. ಬಸ್ಸಿನಲ್ಲೂ ಅದೇ. ಎಲ್ಲರೂ ಇವನ ಕೈಯಲ್ಲಿ ಉಂಡವರು. ಯಾರೋ ಒಬ್ಬ "ಅಣ್ಣಾ, ವೈನಿ ಇಲ್ಲಿ ಕುಂತಾರ" ಎಂದು ಫೋನ್ ಮಾಡಿದರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳುತ್ತಾನೆ. ನಮ್ಮ ಮಂದಿ ಒಬ್ಬರೂ ಇಲ್ಲದ ಗಾಡಿ ಯಾವುದು ಎಂದು ತಲೆ ಕೆಡಿಸಿಕೊಂಡಾಗ ಹೊಳೆದದ್ದು ವಿಮಾನ. ಕಾಂಕ್ರೀಟು ಹೊರುವವರು ಯಾರು ವಿಮಾನ ಹತ್ತುತ್ತಾರೆ? ನಾಸಿಕದ ವಿಮಾನ ನಿಲ್ದಾಣದ ರಸ್ತೆಯಲ್ಲೇ ಅವನ ಸೈಟು ನಡೆದಿತ್ತು, ಹಾಗಾಗಿ ಅದು ಬೇಡ. ಛತ್ರಪತಿ ಸಂಭಾಜಿನಗರ, ನಮ್ಮ ಮಂದಿಯ ಬಾಯಲ್ಲಿ ಇನ್ನೂ ಔರಂಗಾಬಾದ್, ಅಲ್ಲಿಂದ ಹೈದರಾಬಾದಿಗೆ ವಿಮಾನ, ಅಲ್ಲಿಗೆ ಮಾವಂದಿರು ಜೀಪು ತರುತ್ತಾರೆ.

ನಾನು ಬಿಜಲಿ ಪೆಟ್ಟಿಗೆಗಳಿಗೆ ವೈರು ಕೂರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ಅಲ್ಲಿಯ ಸೂಪರ್‌ವೈಜರ್ ಮರಾಠಿ ಮನುಷ್ಯ, ಮಷೀನು ನೋಡಲಿಕ್ಕೆ ಆಗಾಗ ವಿಮಾನದಲ್ಲಿ ಓಡಾಡುವವನು. ನನಗೂ ತಂಗಿಗೂ ಟಿಕೆಟ್ ತೆಗೆಸಿಕೊಟ್ಟವನು ಅವನೇ. ಊಟದ ಹೊತ್ತಿನಲ್ಲಿ ಕೂರಿಸಿಕೊಂಡು ಪಾಠ ಹೇಳಿದ. ಆಧಾರ್ ಕಾರ್ಡು ಕೈಯಲ್ಲೇ ಇರಲಿ, ಕೂಸಿನ ಆಸ್ಪತ್ರೆ ಕಾಗದವೂ ಇರಲಿ. ಮೈಮೇಲೆ ಲೋಹ ಇರಬಾರದು. ಫೋನು ಬುಟ್ಟಿಯಲ್ಲಿಡಬೇಕು. ಕೂಸಿನ ಹಾಲು, ಬಿಸಿನೀರು ನಡೆಯುತ್ತದೆ, ಮುಚ್ಚಿಡಬೇಡಿ, ಇದೆ ಎಂದು ಹೇಳಿ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಚೇಷ್ಟೆ ಮಾಡಬೇಡಿ. ಎಲ್ಲಾ ಹೇಳಿ ಮುಗಿಸಿ ನನ್ನ ಮುರಿದ ಹಲ್ಲು ನೋಡಿ, "ನೀನು ಮಾತ್ರ ಸಿಟ್ಟು ಮಾಡಬೇಡ ತಾಯಿ, ಅಲ್ಲಿ ಸಿಟ್ಟು ಮಾಡಿದವರನ್ನು ಮೊದಲು ಹಿಡಿಯುತ್ತಾರೆ" ಎಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಇಡೀ ಕಾರ್ಖಾನೆಗೆ ಗೊತ್ತು.

ಹೊರಡುವ ಮುಂಜಾನೆ ತಂಗಿಯ ಮೈಮೇಲಿನ ಲೋಹವನ್ನೆಲ್ಲ ಹುಡುಕಿ ಹುಡುಕಿ ಕಳಚಿದೆ. ಕಾಲುಂಗುರ, ಗೆಜ್ಜೆ, ಕೂದಲ ಪಿನ್ನು, ಕುಪ್ಪಸದ ಪಿನ್ನು, ಕೂಸಿನ ಉಡಿದಾರದ ಬೆಳ್ಳಿ ಗುಂಡು. ತಾಳಿಗೆ ಕೈ ಹಾಕಿದಾಗ ಒಂದು ಗಳಿಗೆ ನಿಂತೆವು. "ಗೋದಾವರಿಗೆ ಎಸೆದು ಬರ್ತೀನಿ ತಾ" ಎಂದೆ.

"ಬಂಗಾರ ಅದ, ಎಸೀಬ್ಯಾಡ. ಕೂಸಿಗೆ ಆಗ್ತದ" ಎಂದಳು. ತಾನೇ ಬಿಚ್ಚಿ, ಕರವಸ್ತ್ರದಲ್ಲಿ ಗಂಟು ಹಾಕಿ ಬ್ಯಾಗಿಗೆ ತುರುಕಿದಳು. ಇವಳಿಗೆ ಬುದ್ಧಿ ಪೂರ್ತಿ ಹೋಗಿಲ್ಲ ಎಂದು ನನಗೆ ಸಮಾಧಾನವಾಯಿತು.

ಇಷ್ಟೆಲ್ಲ ಮಾಡಿದ ನಾವು ಒಂದನ್ನು ಮರೆತೆವು. ಮರೆತೆವು ಅನ್ನುವುದೂ ತಪ್ಪು, ಅದು ಲೆಕ್ಕಕ್ಕೇ ಬರಲಿಲ್ಲ. ನಮ್ಮಲ್ಲಿ ಬಾಣಂತಿ ಮತ್ತು ಕೂಸಿನ ಹತ್ತಿರ ಕಬ್ಬಿಣ ಇರಲೇಬೇಕು. ಮಲಗುವಾಗ ದಿಂಬಿನ ಕೆಳಗೆ, ಹೊಸ್ತಿಲು ದಾಟುವಾಗ ಕೈಯಲ್ಲಿ. ಗಾಳಿ, ಧೂಳಿ, ಕೆಟ್ಟ ಕಣ್ಣು ಹತ್ತಿರ ಸುಳಿಯಬಾರದು ಅಂತ. ತಂಗಿ ಗಂಡನ ಮನೆಯಿಂದ ಕಬ್ಬಿಣವಿಲ್ಲದೆ ಓಡಿಬಂದಿದ್ದಳು. ಅವ್ವ ದಿನಾ ಫೋನ್ ಮಾಡಿ "ಕಬ್ಬಿಣ ಕೊಟ್ಟಿಯೇನs, ಕೂಸಿಗೆ ಕಬ್ಬಿಣ ಕೊಟ್ಟಿಯೇನs" ಎಂದು ತಲೆ ತಿಂದಳು. ನನ್ನ ಹತ್ತಿರ ಅಪ್ಪನ ಉಳಿ ಇತ್ತು. ಅಪ್ಪ ನಮ್ಮೂರ ಫರಸಿ ಖಣಿಯಲ್ಲಿ ಕಲ್ಲು ಸೀಳುತ್ತಿದ್ದವನು. ಹೊಡೆದು ಹೊಡೆದು ಸವೆದು ಗೇಣಿಗಿಂತ ಚಿಕ್ಕದಾಗಿತ್ತು ಉಳಿ, ತುದಿ ಮಾತ್ರ ಇನ್ನೂ ಚೂಪು. ಅದನ್ನು ಕೂಸಿನ ಕೌದಿಯ ಅಂಚಿನೊಳಗೆ ಇಟ್ಟು ದಪ್ಪ ದಾರದಿಂದ ಹೊಲಿದುಬಿಟ್ಟೆ. ಕೂಸು ಅದೇ ಕೌದಿಯಲ್ಲಿ ಮಲಗುತ್ತಿತ್ತು. ಕಾಲುಂಗುರ ಲೋಹ, ಪಿನ್ನು ಲೋಹ. ಉಳಿ ನಮ್ಮ ಕಣ್ಣಿಗೆ ಲೋಹವೇ ಅಲ್ಲ, ಅದು ಕೂಸಿನ ಕಾವಲು.

ಕಾರಿಗೆ ಮರಾಠಿ ಡ್ರೈವರನನ್ನೇ ಹುಡುಕಿದ್ದೆ. ಬೆಳಕಾದ ಮೇಲೆ ಹೊರಟೆವು. ಯೇವಲಾ ಬಂದಾಗ ರಸ್ತೆಯ ಎರಡೂ ಬದಿಗೆ ಪೈಠಣಿ ಸೀರೆ ಅಂಗಡಿಗಳ ಬೋರ್ಡುಗಳು ಶುರುವಾದವು. ತಂಗಿ ಕೂಸಿಗೆ ಮೊಲೆ ಕೊಡುತ್ತ ಕಿಟಕಿಯಿಂದ ನೋಡುತ್ತಿದ್ದಳು.

"ಆ ಅಂಗಡಿ ನೋಡಕ್ಕ. ಹೊಡದು ನನ್ನ ಕಿವಿ ಒಡದ ಮರುದಿನ ಇಲ್ಲೇ ಕರಕೊಂಡು ಬಂದು ಪೈಠಣಿ ಕೊಡಸಿದ್ದ. ಅಂಗಡಿಯವ ಎರಡು ಸಲ ಬಣ್ಣ ಕೇಳಿದ, ನನಗ ಕೇಳಿಸಲೇ ಇಲ್ಲ. ಇವನೇ ಆರಿಸಿದ."

ಅವಳು ನಗುತ್ತ ಹೇಳಿದಳು. ನನಗೆ ಆ ಅಂಗಡಿಗೆ ಬೆಂಕಿ ಹಚ್ಚಬೇಕು ಅನ್ನಿಸಿತು. ಅಂಗಡಿಯವನು ಏನು ಪಾಪ ಮಾಡಿದ್ದ, ಆದರೂ ಅನ್ನಿಸಿತು.

ಯೇವಲಾ ದಾಟಿ ಸ್ವಲ್ಪ ಹೊತ್ತಿಗೆ ಅವ್ವನ ಫೋನು. ದನಿಯಲ್ಲಿ ಹಬ್ಬದ ಕಳೆ. ಓಣಿಯ ಮಂದಿಗೆಲ್ಲ ಮಗಳು ವಿಮಾನದಾಗ ಬರ್ಲಾಕತ್ತಾಳ ಎಂದು ಡಂಗುರ ಹೊಡೆದಿದ್ದಳು. ಹೊಡೆದುಕೊಳ್ಳಲಿ ಬಿಡು ಅಂದುಕೊಳ್ಳುವಷ್ಟರಲ್ಲಿ ಅಂದಳು:

"ಅಳಿಯಂದ್ರೂ ಫೋನ್ ಮಾಡಿದ್ರು. ಯಾವಾಗ ಮುಟ್ಟತಾರ್ರಿ ಅತ್ತಿ ಅಂತ ಕೇಳಿದ್ರು. ಔರಂಗಾಬಾದಿನಿಂದ ಮಧ್ಯಾಹ್ನದ ವಿಮಾನಕ್ಕ ಅಂತ ಹೇಳೀನಿ. ಪಾಪ, ದನಿ ಸಣ್ಣ ಮಾಡ್ಕೊಂಡಿದ್ರು."

ನಾನು ಅವ್ವನಿಗೆ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಡ್ರೈವರನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಬೆಚ್ಚಿ ಬಿದ್ದು ಗಾಡಿ ಜೋರು ಮಾಡಿದ. ತಂಗಿ ಕೂಸನ್ನು ಕೌದಿಯೊಳಗೆ ಇನ್ನೂ ಬಿಗಿಯಾಗಿ ಸುತ್ತಿದಳು.

ನಿಲ್ದಾಣದ ಮುಂದೆ ಇಳಿದು ಬಾಗಿಲ ಸಾಲಿನಲ್ಲಿ ನಿಂತೆವು. ಬಾಗಿಲಲ್ಲಿ ಬಂದೂಕು ಹಿಡಿದ ಜವಾನ ಒಬ್ಬೊಬ್ಬರ ಟಿಕೆಟು, ಆಧಾರು ನೋಡಿ ಒಳಗೆ ಬಿಡುತ್ತಿದ್ದ. ನಮ್ಮ ಮುಂದೆ ಒಂದೇ ಸಂಸಾರ ಉಳಿದಿತ್ತು. ಹಿಂದಿನಿಂದ ಜೀಪಿನ ಬ್ರೇಕು ಕಿರುಚಿದ್ದು ಕೇಳಿತು. ತಿರುಗಿ ನೋಡುವ ಮೊದಲೇ ತಂಗಿಯ ತಲೆ ಹಿಂದಕ್ಕೆ ಹೋಯಿತು. ಜಡೆಯನ್ನು ಮುಂಗೈಗೆ ಸುತ್ತಿಕೊಂಡು ಎಳೆದಿದ್ದ.

ನಾನು ಮೊದಲು ಕೂಸನ್ನು ಕಸಿದುಕೊಂಡೆ, ಆಮೇಲೆ ಅವನ ಮುಂಗೈಗೆ ಬಾಯಿ ಹಾಕಿದೆ. ಮುರಿದ ಹಲ್ಲಿನ ಅಂಚು ಅವನ ಚರ್ಮದೊಳಗೆ ಇಳಿದದ್ದು ನನಗೆ ಇವತ್ತಿಗೂ ನೆನಪಿದೆ. ಬಿಡಲಿಲ್ಲ. ಅವನು ಇನ್ನೊಂದು ಕೈಯಿಂದ ನನ್ನ ಕಪಾಳಕ್ಕೆ, ಕುತ್ತಿಗೆಗೆ, ಎಲ್ಲಿ ಸಿಕ್ಕಿತೋ ಅಲ್ಲಿ ಹೊಡೆದ. ತಂಗಿ ನೆಲಕ್ಕೆ ಬಿದ್ದಳು, ಅವಳ ಸೊಂಟಕ್ಕೆ ಒದ್ದ. ನನ್ನ ಬಾಯಿ ತುಂಬ ರಕ್ತ, ಅವನದೋ ನನ್ನದೋ ತಿಳಿಯಲಿಲ್ಲ. ಸಾಲಿನಲ್ಲಿದ್ದವರು ಪೆಟ್ಟಿಗೆಗಳನ್ನು ಎಳೆದುಕೊಂಡು ದೂರ ಸರಿದರು. ಇಬ್ಬರು ಜವಾನರು ಓಡಿಬಂದು ಅವನ ತೋಳು ಹಿಂದಕ್ಕೆ ತಿರುಚಿದ ಮೇಲೆಯೇ ಅವಳ ಜಡೆ ಬಿಟ್ಟದ್ದು. ಬೆರಳ ಸಂದಿಯಲ್ಲಿ ಅವಳ ಕೂದಲು ಹಾಗೇ ಉಳಿದಿತ್ತು.

ಜವಾನರು ತೋಳು ಬಿಟ್ಟ ತಕ್ಷಣ ಅವನ ದನಿ ಬದಲಾಯಿತು. ಹಿಂದಿಯಲ್ಲಿ, ಕೈಮುಗಿದು, "ಸಾಬ್, ನನ್ನ ಹೆಂಡತಿ, ನನ್ನ ಕೂಸು. ಈ ಹೆಂಗಸು ಕದ್ದುಕೊಂಡು ಹೊಂಟಾಳೆ" ಎಂದು ನನ್ನ ಕಡೆ ಬೆರಳು ತೋರಿಸಿದ. ಒಳಗಿನಿಂದ ಒಬ್ಬ ಅಧಿಕಾರಿ ಬಂದ, ಬೂದು ಮೀಸೆಯವನು. ಕೈಮುಗಿದು ನಿಂತವನನ್ನು ಕೇಳಿದ, "ಟಿಕೆಟ್ ಇದೆಯಾ?"

"ಟಿಕೆಟ್ ಯಾಕೆ ಸಾಬ್? ಗಂಡ ನಾನು."

"ಟಿಕೆಟ್ ಇಲ್ಲದವರು ಒಳಗೆ ಬರುವಂತಿಲ್ಲ."

ಬದುಕಿನಲ್ಲಿ ಇಷ್ಟು ಚಂದದ ಮಾತನ್ನು ನಾನು ಕೇಳಿಲ್ಲ. ಗಂಡ ಅನ್ನುವ ಮಾತಿಗೆ ಮಣೆ ಹಾಕದ ಬಾಗಿಲು ಲೋಕದಲ್ಲಿ ಒಂದಾದರೂ ಇದೆಯಲ್ಲ! ಅಧಿಕಾರಿ ತಂಗಿಯ ಕಡೆ ತಿರುಗಿ, ಇಷ್ಟಪಟ್ಟು ಹೋಗುತ್ತಿದ್ದೀಯಾ ಎಂದು ಕೇಳಿದ. ಅವಳ ಬಾಯಿ ಏಳಲಿಲ್ಲ. ನಾನು ಹೇಳಹೋದೆ, "ನಿನ್ನ ಕೇಳಿಲ್ಲ" ಎಂದು ನನ್ನನ್ನು ತಡೆದ. ತಂಗಿ ನೆಲದಿಂದ ಎದ್ದು, ಸೀರೆ ಝಾಡಿಸಿ, ಬಾಗಿಲಿನ ಕಡೆ ನಡೆದಳು. ಅದೇ ಉತ್ತರ ಅಂತ ಅಧಿಕಾರಿ ತಿಳಿದ. ಆದರೆ ನಮ್ಮ ಹಿಂದೆಯೇ ಒಳಗೆ ಬಂದ. ನಮ್ಮ ಮೇಲೆ ಅವನ ಕಣ್ಣು ಬಿದ್ದಾಗಿತ್ತು.

ತಪಾಸಣೆಯ ಜಾಗದಲ್ಲಿ ನಮ್ಮ ಮುಂದಿದ್ದ ಮುದುಕ ಬುಟ್ಟಿಗೆ ಹಾಕಲಿಕ್ಕೆ ಕೈಗಡಿಯಾರ ಬಿಚ್ಚಿದ. ಕೊಂಡಿ ಟಕ್ ಅಂದಿತು. ತಂಗಿ ಅಲ್ಲೇ ಕಲ್ಲಾದಳು. ಅವಳ ಕಣ್ಣು ಮೂಲೆ ಹುಡುಕುತ್ತಿತ್ತು. ನಾನು ಅವಳ ಬೆನ್ನಿಗೆ ಅಂಗೈ ಒತ್ತಿ, "ಎಲ್ಲಾರೂ ಬಿಚ್ಚತಾರ ಇಲ್ಲಿ, ನೋಡು, ಎಲ್ಲಾರೂ" ಎಂದೆ. ಹೌದು, ಸಾಲಿನ ಗಂಡಸರೆಲ್ಲ ಗಡಿಯಾರ ಬಿಚ್ಚುತ್ತಿದ್ದರು. ಬೆಲ್ಟೂ ಬಿಚ್ಚುತ್ತಿದ್ದರು. ಸೂಪರ್‌ವೈಜರ್ ಅಷ್ಟೆಲ್ಲ ಹೇಳಿದವನು ಇದನ್ನು ಹೇಳಿರಲಿಲ್ಲ. ಅವನಿಗೆ ಹೇಗೆ ಗೊತ್ತಾಗಬೇಕು.

ಕೂಸಿನ ಕೌದಿಯನ್ನೂ ಬುಟ್ಟಿಗೆ ಹಾಕಿ ಎಂದರು. ಬಿಚ್ಚಿದ್ದಕ್ಕೆ ಕೂಸು ಚೀರತೊಡಗಿತು. ನಾನು ಮೊದಲು ದಾಟಿದೆ. ತಂಗಿ ಕೂಸನ್ನು ಎತ್ತಿಕೊಂಡು ಚೌಕಟ್ಟಿನ ಕೆಳಗೆ ಬಂದಳು. ಏನೂ ಕುಯ್‌ಗುಡಲಿಲ್ಲ. ಕಾಲುಂಗುರ ತೆಗೆದದ್ದು ಸಾರ್ಥಕವಾಯಿತು ಅಂದುಕೊಂಡೆ. ಕೂಸನ್ನು ನನ್ನ ಕೈಗೆ ಕೊಟ್ಟಳು. ಖಾಕಿಯ ಹೆಂಗಸು, ವಯಸ್ಸಿನಲ್ಲಿ ನನ್ನಷ್ಟೇ ಇರಬೇಕು, ಕೋಲು ಎತ್ತಿದಳು.

ತಂಗಿ ಕುಸಿದು ಕೂತಳು. ಅದೇ ಕುಕ್ಕರಗಾಲು, ಅದೇ ತಲೆ ಮುಚ್ಚಿದ ಕೈ. ಲಟ್ಟಣಿಗೆಯ ತಾಲೀಮೆಲ್ಲ ನೀರಿನಲ್ಲಿ ಹೋಮ.

ಅದೇ ಹೊತ್ತಿಗೆ ಆ ಕಡೆ ಯಂತ್ರದ ಪಟ್ಟಿ ನಿಂತಿತು. ಪರದೆ ನೋಡುತ್ತಿದ್ದವನು ಕೈ ಎತ್ತಿ ಯಾರನ್ನೋ ಕರೆದ. ಕೌದಿಯನ್ನು ಮೇಜಿನ ಮೇಲೆ ಹರಡಿ, ಅಂಚಿನ ಹೊಲಿಗೆಯನ್ನು ಬ್ಲೇಡಿನಿಂದ ಕೊಯ್ದರು. ಅಪ್ಪನ ಉಳಿ ಮೇಜಿನ ಮೇಲೆ ಟಣ್ ಎಂದು ಬಿತ್ತು.

 ಬೂದು ಮೀಸೆಯ ಅಧಿಕಾರಿ ಉಳಿ ಎತ್ತಿ ತುದಿಯನ್ನು ಹೆಬ್ಬೆರಳಿಗೆ ಮುಟ್ಟಿಸಿ ನೋಡಿದ. ನನ್ನ ಬಾಯಿಯ ರಕ್ತ ನೋಡಿದ, ನೆಲದಲ್ಲಿ ಕೂತವಳನ್ನು ನೋಡಿದ. ಅವನ ತಲೆಯಲ್ಲಿ ಲೆಕ್ಕ ಕೂಡುತ್ತಿರುವುದು ನನಗೆ ಕಾಣುತ್ತಿತ್ತು. "ಹೊರಗೆ ಹೊಡೆದಾಟ, ಒಳಗೆ ಹತಾರ. ಯಾರಿಗೆ ಹಾಕಲಿಕ್ಕೆ ತಂದಿರಿ ಇದನ್ನು? ಬಚ್ಚಿಟ್ಟು ಹೊಲಿದಿದ್ದೀರಿ ಬೇರೆ."

ಸಿಟ್ಟು ಬಂತು. ಬರದೇ ಇರುತ್ತದೆಯೇ? ಒದ್ದವನು ಹೊರಗೆ ಬೀಡಿ ಸೇದುತ್ತ ನಿಂತಿರುತ್ತಾನೆ, ಒದೆಸಿಕೊಂಡವರನ್ನು ಇಲ್ಲಿ ಪ್ರಶ್ನೆ ಕೇಳುತ್ತಾರೆ. ಆ ಉಳಿಯನ್ನೇ ಕಸಿದುಕೊಂಡು ಹೊರಗೋಡಿ ಅವನ ಗಂಟಲಿಗೆ ಇಳಿಸಿ ಬರಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಇಳಿಸುತ್ತಿದ್ದೆ. ತೋಳಿನಲ್ಲಿ ಕೂಸು ಇತ್ತು. ಮುರಿದ ಹಲ್ಲಿನಿಂದ ನಾಲಿಗೆಯನ್ನು ಕಚ್ಚಿ ಹಿಡಿದು, ಮರಾಠಿಯಲ್ಲಿ ಮೆಲ್ಲಗೆ ಹೇಳಿದೆ, "ಬಾಳಂತಿಣೀಚಂ ಲೋಖಂಡ ಆಹೆ, ಸಾಹೇಬ." ಬಾಣಂತಿಯ ಕಬ್ಬಿಣ ಅದು ಅಂತ.

ಅಧಿಕಾರಿಗೆ ತಿಳಿಯಲಿಲ್ಲ, ಅವನು ಈ ಕಡೆಯವನಲ್ಲ. ಖಾಕಿಯ ಹೆಂಗಸಿಗೆ ತಿಳಿಯಿತು. "ಇರುತ್ತದೆ ಸರ್" ಎಂದು ಅವನಿಗೆ ಹಿಂದಿಯಲ್ಲಿ ಹೇಳಿದಳು. "ನಮ್ಮ ಕಡೆಯೂ ಇಡುತ್ತಾರೆ. ನನಗೂ ಇಟ್ಟಿದ್ದರು, ಕಬ್ಬು ಕಡಿಯುವ ಕೊಯ್ತ."

ಅಧಿಕಾರಿ ಉಳಿಯನ್ನು ಮೇಜಿನ ಮೇಲಿಟ್ಟ. "ಏನೇ ಇರಲಿ, ವಿಮಾನದೊಳಗೆ ನಡೆಯುವುದಿಲ್ಲ. ಹೊರಗೆ ನಿಮ್ಮವರು ಇದ್ದರೆ ಕೊಟ್ಟು ಕಳಿಸುತ್ತೇವೆ. ಅವನೇ ಇದ್ದಾನಲ್ಲ, ಗಂಡ. ಅವನ ಕೈಗೆ ಕೊಡಿಸಲಾ?"

ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಿಯಮದಲ್ಲಿ ಇದ್ದದ್ದನ್ನು ಕೇಳಿದ. ಆಗ ನೆಲದ ಮೇಲಿಂದ ದನಿ ಬಂತು.

"ನಕ್ಕೋ ಸಾಬ್." ತಂಗಿ ತಲೆ ಎತ್ತಿರಲಿಲ್ಲ, ಕೈಗಳ ಸಂದಿಯಿಂದಲೇ ಸೈಟಿನ ಹಿಂದಿಯಲ್ಲಿ ಹೇಳುತ್ತಿದ್ದಳು. "ಉಸ್ಕೆ ಹಾಥ್ ಮೆ ಲೋಹಾ ನಕ್ಕೋ ದೇವ್." ಅವನ ಕೈಗೆ ಕಬ್ಬಿಣ ಕೊಡಬೇಡಿ. ಆಮೇಲೆ ಕುಪ್ಪಸದ ಎಡತೋಳನ್ನು ಮೇಲೆ ಸರಿಸಿ ತೋರಿಸಿದಳು. ಸರಳು ಬಿದ್ದ ಜಾಗ ಇನ್ನೂ ನೇರಳೆ ಬಣ್ಣಕ್ಕಿತ್ತು, ಮೂಳೆ ಅಡ್ಡಾದಿಡ್ಡಿ ಉಬ್ಬಿಕೊಂಡಿತ್ತು.

ಮದುವೆಯಾದಾಗಿನಿಂದ ಆಸ್ಪತ್ರೆಯವರಿಗೆ, ಚಾಳಿನವರಿಗೆ, ಸ್ವಂತ ಅವ್ವನಿಗೆ ಬಿದ್ದೆ, ಜಾರಿದೆ ಎಂದೇ ಹೇಳಿಕೊಂಡು ಬಂದವಳು. ಕೇಳಿದ ಯಾರಿಗೂ ಹೇಳದವಳು, ಅಲ್ಲಿ ಬುಟ್ಟಿಗಳ ಮಧ್ಯೆ ಕೂತು ಹೇಳಿದಳು. ಬೂದು ಮೀಸೆಯವನು ಉಳಿಯನ್ನು ತಾನೇ ಎತ್ತಿ, ಕತ್ತರಿ, ಲೈಟರು ಬಿದ್ದಿದ್ದ ಡಬ್ಬಿಯೊಳಗೆ ಹಾಕಿದ. ಅಪ್ಪನ ಉಳಿ ಹೋಯಿತು. ನಾನು ಅಳಲಿಲ್ಲ.

"ಆದರೂ ಪೂರ್ತಿ ತಪಾಸಣೆ ಆಗಬೇಕು" ಎಂದ. ಅದೂ ಅವನ ಕೆಲಸವೇ.

ಖಾಕಿಯ ಹೆಂಗಸು ತಂಗಿಯನ್ನು ಪರದೆಯ ಕೋಣೆಯೊಳಗೆ ಕರೆದುಕೊಂಡು ಹೋದಳು. ಕೋಲನ್ನು ಹೊರಗಿನ ಸ್ಟೂಲಿನ ಮೇಲೆ ಇಟ್ಟು ಹೋದದ್ದನ್ನು ನಾನು ನೋಡಿದೆ, ಯಾಕೆ ಎಂದು ಹೊಳೆಯಲಿಲ್ಲ. ಹೊರಗೆ ಕೂಸು ನನ್ನ ಎದೆಯಲ್ಲಿ ಹಾಲು ಹುಡುಕುತ್ತ ಚೀರುತ್ತಿತ್ತು. ಮೈಕಿನಲ್ಲಿ ಹೈದರಾಬಾದಿನ ವಿಮಾನದ ಹೆಸರು ಕೂಗಿದರು. ಪರದೆ ಅಲುಗಾಡಲಿಲ್ಲ. ಇನ್ನೊಮ್ಮೆ ಕೂಗಿದರು. ಪರದೆಯ ಕೆಳಗೆ ತಂಗಿಯ ಬರಿಗಾಲು ಕಾಣುತ್ತಿದ್ದವು. ಅವು ಎಲ್ಲಿ ಮಡಚಿಕೊಳ್ಳುತ್ತವೋ ಎಂದು ನಾನು ಕಣ್ಣು ಕೀಳದೆ ನೋಡುತ್ತಿದ್ದೆ.

ಮಡಚಲಿಲ್ಲ. ಆದರೆ ಒಳಗಿಂದ ಅಳು ಕೇಳಿತು. ತಂಗಿಯ ಅಳು, ಬಿಕ್ಕಿ ಬಿಕ್ಕಿ. ಅವಳು ಒದೆ ತಿಂದಾಗಲೂ ಸದ್ದು ಮಾಡಿ ಅತ್ತವಳಲ್ಲ. ನನ್ನ ತಲೆಗೆ ರಕ್ತ ಏರಿತು. ಸೂಪರ್‌ವೈಜರನೂ ಇಲ್ಲ, ಅವನ ಪಾಠವೂ ಇಲ್ಲ. ಪರದೆಯನ್ನು ಎಳೆದುಹಾಕಿ "ಏನ್ ಮಾಡಿದಿ ಆಕಿಗೆ? ಮುಟ್ಟಿದ ಕೈ ಕಡೀತೀನಿ ನಿಂದು" ಎಂದು ಕನ್ನಡದಲ್ಲೇ ಅರಚಿದೆ. ಹಿಂದಿನಿಂದ ಬೂಟಿನ ಸಪ್ಪಳ ಓಡಿಬಂತು. ಯಾರೋ ನನ್ನ ರಟ್ಟೆ ಹಿಡಿದರು.

ತಂಗಿ ಒಳಗೆ ನಿಂತಿದ್ದಳು. ನಿಂತೇ ಇದ್ದಳು. ಬಲಗೈ ಪೂರಾ ಮೇಲೆ, ಎಡಗೈ ಹೆಗಲ ಮಟ್ಟಕ್ಕೆ. ಕಣ್ಣು, ಮೂಗು ಎಲ್ಲ ಸುರಿಯುತ್ತಿದ್ದವು. ಖಾಕಿಯ ಹೆಂಗಸು ದೂರಕ್ಕೆ ಸರಿದು, ನನ್ನನ್ನು ಹಿಡಿದವನಿಗೆ ಬಿಡು ಎಂದು ಸನ್ನೆ ಮಾಡಿದಳು.

"ಏನೂ ಮಾಡಿಲ್ಲಕ್ಕ, ಬೈಬ್ಯಾಡ ಆಕಿಗೆ" ಎಂದಳು ತಂಗಿ, ಕೈ ಇಳಿಸದೆ. "ಮೊದ್ಲು ಎಲ್ಲೆಲ್ಲಿ ಮುಟ್ಟತೀನಿ ಅಂತ ಹೇಳಿದ್ಳು. ಆಮ್ಯಾಲ 'ಹಾತ್ ಲಾವೂ ಕಾ' ಅಂತ ಕೇಳಿದ್ಳು. ಮುಟ್ಟಲೇನು ಅಂತ."

"ಅದಕ್ಕ್ಯಾಕ ಅಳ್ತಿ?"

"ನನ್ನ ಕೇಳಿದ್ಳಕ್ಕ. ನಾ ಹೂಂ ಅಂದ ಮ್ಯಾಲೇ ಮುಟ್ಟಿದ್ಳು."